ಮಂಡಿಯ ಹಿಂದಣ ಧಮನಿಯ ಉಬ್ಬು: ಚಿಕಿತ್ಸೆಯ ಚರಿತ್ರೆ

ಮಂಡಿಯ ಹಿಂದಣ ಧಮನಿಯು ಗೋಡೆ ಸಡಿಲಗೊಂಡು ಚೀಲದಂತೆ ಉಬ್ಬುವ ರೋಗವು ವಿರಳವಾದುದು. ಆದರೆ ಅದರೊಳಗೆ ಹೆಪ್ಪುಗಟ್ಟಿದ ರಕ್ತವು ಕೆಳಗಣ ನಾಳಗಳನ್ನು ಮುಚ್ಚಿದರೆ ಕಾಲೇ ಹೋಗುವುದುಂಟು. ಪ್ರಾಚೀನ ಗ್ರೀಕ್ ವೈದ್ಯನಾದ ಆಂಟಿಲಸನು ಉಬ್ಬಿನ ಮೇಲೂ ಕೆಳಗೂ ಧಮನಿಯನ್ನು ಕಟ್ಟಿ ಚೀಲವನ್ನು ಸೀಳುವ ಕ್ರಮವನ್ನು ವಿವರಿಸಿದ್ದನು. 18ನೆಯ ಶತಮಾನದಲ್ಲಿ ಇಂಥ ಶಸ್ತ್ರಕ್ರಿಯೆಯಿಂದ ಅನೇಕರು ಮೃತರಾಗುತ್ತಿದ್ದುದರಿಂದ, ಕಾಲನ್ನು ಕತ್ತರಿಸುವುದೇ ಲೇಸೆಂದು ಪರ್ಸಿವಲ್ ಪಾಟನಂಥವರು ಬಗೆದರು.

1785ರ ಡಿಸೆಂಬರಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಜಾನ್ ಹಂಟರನು, 45 ವರ್ಷದ ಸಾರಥಿಯೊಬ್ಬನ ಉಬ್ಬನ್ನು ಮುಟ್ಟದೆಯೇ, ತೊಡೆಯಲ್ಲಿ ಧಮನಿಯನ್ನು ಕಟ್ಟಿದನು. ಕವಲುನಾಳಗಳು ರಕ್ತವನ್ನೊಯ್ದುವು, ಕಾಲು ಉಳಿಯಿತು. 1787ರಲ್ಲಿ ಆತನು ಜ್ವರದಿಂದ ಮೃತನಾದ ಮೇಲೆ ಪರೀಕ್ಷಿಸಲು, ಉಬ್ಬು ಕುಗ್ಗಿದ್ದುದು ಕಂಡುಬಂದಿತು.

20ನೆಯ ಶತಮಾನದಲ್ಲಿ ರೋಗಿಯ ಸಿರೆಯಿಂದಲೇ ರಕ್ತಕ್ಕೆ ಬಳಸುದಾರಿಯನ್ನು ನಿರ್ಮಿಸುವ ಕ್ರಮವು ರೂಢಿಗೆ ಬಂದಿತು. 1994ರಲ್ಲಿ ಅಮೆರಿಕೆಯ ಮೈಕೆಲ್ ಮರಿನ್ ಮೊದಲಾದವರು, ತೊಡೆಯ ಧಮನಿಯೊಳಗಿಂದ ಕೃತಕ ಕೊಳವೆಯೊಂದನ್ನು ಸಾಗಿಸಿ, ಲೋಹಜಾಲದಿಂದ ಉಬ್ಬಿನೊಳಗೆ ನೆಲೆಗೊಳಿಸಿದುದನ್ನು ಪ್ರಕಟಿಸಿದರು.

ಚೀಲವನ್ನು ಮುಟ್ಟಬಾರದೆಂಬ ಹಂಟರನ ತತ್ತ್ವವು ಇಲ್ಲಿಯೂ ನಿಂತಿದೆ. ಆದರೆ ಆತನು ನಿಲ್ಲಿಸಿದ ಪ್ರವಾಹವನ್ನು ಈ ಕ್ರಮವು ಕಾಪಾಡುತ್ತದೆ. ಮಂಡಿ ಮಡಿದಂತೆಲ್ಲ ಕೊಳವೆಯೂ ಬಾಗಿ ಮುಚ್ಚಿಹೋಗುವ ಭಯವಿರುವುದರಿಂದ, ಸಿರೆಯ ಬಳಸುದಾರಿಯು ಇಂದಿಗೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.