ಲಕ್ಷ್ಮಣರಾಯ ಕಿರ್ಲೋಸ್ಕರರು

ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ ಹರಿಹರದ ಕಡೆಗೆ ಹರಿಯುವುವು. ಭದ್ರೆಯ ದಡದಲ್ಲಿ 1923ನೆಯ ಇಸವಿಯಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ಹದಿನೆಂಟು ವರ್ಷಗಳ ತರುವಾಯ, ಅದೇ ನೀರು ಮುಂದೆ ಸಾಗುವ ಹರಿಹರದಲ್ಲಿ, ಯಂತ್ರಗಳನ್ನು ಮಾಡುವ ಯಂತ್ರಗಳನ್ನೇ ತಯಾರಿಸತಕ್ಕ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿತು. ಈ ಕಾರ್ಖಾನೆಗೆ ಹೆಸರನ್ನಿತ್ತ ಮನೆತನದ ಹಿರಿಯರೇ ಲಕ್ಷ್ಮಣರಾಯ ಕಿರ್ಲೋಸ್ಕರರು.

ಇವರು 1869ನೆಯ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕಕ್ಕೆ ತಳಹದಿಯನ್ನು ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಲಕ್ಷ್ಮಣರಾಯರ ಒಲವು ಚಿತ್ರಕಲೆಯ ಕಡೆಗಿತ್ತು. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು, ಆದರೆ ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ತಿಳಿಯದೆಂಬುದು ಅಲ್ಲಿ ಹೊರಬಿದ್ದಿತು. ಬಣ್ಣವು ಕೈಬಿಟ್ಟರೂ ರೇಖೆಯು ಕೈಬಿಡಲಿಲ್ಲ. ಯಂತ್ರಗಳ ನಕ್ಷೆಯನ್ನು ಬರೆಯುವುದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು. ಸಲ್ಲಬೇಕಾಗಿದ್ದ ಬಡ್ತಿಯು ಬೇರೊಬ್ಬರ ಪಾಲಾದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಮರಳಿದರು.

ಅಲ್ಲಿ ಅಣ್ಣ ರಾಮಚಂದ್ರರಾಯರೊಡನೆ ಸೈಕಲ್ ವ್ಯಾಪಾರವನ್ನು ನಡೆಸಿದರು. ಅನಂತರ ಮೇವು ಕತ್ತರಿಸುವ ಯಂತ್ರವನ್ನೂ, 1903ರ ಸುಮಾರಿಗೆ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಕಬ್ಬಿಣವು ತಾಕಿದರೆ ಹೊಲಕ್ಕೆ ವಿಷವೇರುವುದೆಂದು ರೈತರಿಗೆ ಭಯ. ಮೊದಲನೆಯ ನೇಗಿಲಿಗೆ ಗಿರಾಕಿಯು ದೊರೆಯಲು ಎರಡು ವರ್ಷಗಳು ಹಿಡಿದುವೆಂದು ಹೇಳುವರು. ಮಾಡಿಟ್ಟ ಸರಕು ಅಂಗಳದಲ್ಲಿಯೇ ಬಿದ್ದಿರುವಾಗ ಮನೆಯ ಒಲೆಯು ಮಾತ್ರ ದಿನವೂ ಹೊತ್ತಬೇಕು. ಸಂಸಾರಸ್ಥನ ಉದ್ಯಮಕ್ಕೂ ಒಂಟಿಯ ಸಾಹಸಕ್ಕೂ ಇರುವ ಅಂತರವು ಇದೇ. ಹಿರಿಯ ಮಗ ಶಂತನುರಾಯರು ಹುಟ್ಟಿದ್ದೂ 1903ರಲ್ಲಿಯೇ.

ವ್ಯವಹಾರವು ನೆಲೆಗೊಳ್ಳುತ್ತಿದ್ದಂತೆ, ಊರಿನ ವಿಸ್ತರಣಕ್ಕಾಗಿ ಕಾರ್ಖಾನೆಯ ಸ್ಥಳವನ್ನು ಬಿಡಬೇಕಾಯಿತು. ಆಗ ಔಂಧ ಸಂಸ್ಥಾನದ ಬಾಳಾಸಾಹೇಬ ಪಂತಪ್ರತಿನಿಧಿಗಳು ಸಾಲವನ್ನಿತ್ತುದಲ್ಲದೆ, ಕುಂಡಲ ರೋಡ್ ರೈಲುನಿಲ್ದಾಣದ ಸಮೀಪದಲ್ಲಿ 32 ಎಕರೆ ನೆಲವನ್ನೂ ಒದಗಿಸಿದರು. ಪಾಪಾಸುಕಳ್ಳಿಯೂ ಹಾವುಗಳೂ ತುಂಬಿದ್ದ ಬರಡು ಭೂಮಿಯದು. 1910ರಲ್ಲಿ ಲಕ್ಷ್ಮಣರಾಯರು ಕೆಲಸಗಾರರ ಕುಟುಂಬಗಳೊಡನೆ ಅಲ್ಲಿಗೆ ನಡೆದರು. ಪತ್ನಿ ರಾಧಾಬಾಯಿಯವರು ಮಕ್ಕಳೊಡನೆ ಆ ಕಳ್ಳಿಯ ನಡುವೆಯೇ ಸಂಸಾರವನ್ನು ಹೂಡಿದರು. ಉದ್ಯಮಿಯ ಕೀರ್ತಿಯನ್ನು ಎಣಿಸುವವರು ಈ ಗೃಹಿಣಿಯ ಧೈರ್ಯವನ್ನು ಲೆಕ್ಕಕ್ಕೆ ಹಿಡಿಯುವುದು ವಿರಳ. ಆಕೆಯು ಒಲ್ಲೆನೆಂದಿದ್ದರೆ ಕಿರ್ಲೋಸ್ಕರವಾಡಿಯು ಊರಾಗುತ್ತಿತ್ತೇ? ಶಂತನುರಾಯರು ಮುಂದೆ ತಮ್ಮ ಆತ್ಮಕಥೆಯ ಹೆಸರಿನಲ್ಲಿ ಗುಲಾಬಿಗಿಂತ ಮೊದಲು ಕಳ್ಳಿಯನ್ನೇ ನಿಲ್ಲಿಸಿದರು.

ಆ ಹೊಸ ಊರಿನಲ್ಲಿ ಲಕ್ಷ್ಮಣರಾಯರು ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ಸೆರೆವಾಸವನ್ನು ಮುಗಿಸಿ ಬಂದವರನ್ನೇ ನಂಬಿ ರಾತ್ರಿಯ ಕಾವಲಿಗೆ ನಿಲ್ಲಿಸಿದರು. ಕಾರ್ಖಾನೆಯ ಯಜಮಾನನಿಗೂ ಕುಟುಂಬದ ಯಜಮಾನನಿಗೂ ಅವರಲ್ಲಿ ಭೇದವಿರಲಿಲ್ಲ.

ಮಕ್ಕಳ ವಿಷಯದಲ್ಲಿಯೂ ಈ ದೃಷ್ಟಿಯೇ ಇತ್ತು. ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಕಲಿತು 1926ರಲ್ಲಿ ಪದವೀಧರರಾದರು. ತಾಂತ್ರಿಕ ಪದವಿಯಿಲ್ಲದ ತಂದೆಯು ಅನುಭವದಿಂದ ಕಟ್ಟಿದುದನ್ನು ಪದವಿಯನ್ನು ಪಡೆದ ಮಗನು ಶಾಸ್ತ್ರದಿಂದ ಬೆಳೆಸಿದನು. ರಾಜಾರಾಮರಾಯರು ಹರಿಹರದ ಕಾರ್ಖಾನೆಯ ಹೊಣೆಯನ್ನು ಹೊತ್ತರು. 1946ರಲ್ಲಿ ಪುಣೆಯಲ್ಲಿ ಶಂತನುರಾಯರ ಎಣ್ಣೆಯಂತ್ರಗಳ ಕಾರ್ಖಾನೆಯೂ, ಬೆಂಗಳೂರಿನಲ್ಲಿ ರವಿ ಕಿರ್ಲೋಸ್ಕರರ ವಿದ್ಯುದ್ಯಂತ್ರಗಳ ಕಾರ್ಖಾನೆಯೂ ಸ್ಥಾಪಿತವಾದುವು. ತಂದೆಯ ಆಸ್ತಿಯನ್ನು ಹಂಚಿಕೊಂಡ ಮಕ್ಕಳು ಲೋಕದಲ್ಲಿ ಬಹಳ. ತಂದೆಯ ದುಡಿಮೆಯನ್ನು ಹಂಚಿಕೊಂಡವರು ಕೆಲವರೇ.

1956ನೆಯ ಇಸವಿ ಸೆಪ್ಟೆಂಬರ್ 26ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಲಕ್ಷ್ಮಣರಾಯರು ಕಾಲವಾದರು. ಜನ್ಮಶತಾಬ್ದಿಯಂದು, 1969ರಲ್ಲಿ, ಭಾರತ ಸರ್ಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು. ಹರಿಹರದ ಆ ಕಾರ್ಖಾನೆಯು ಕಾಲಾಂತರದಲ್ಲಿ ಮುಚ್ಚಿತು. ಕಾರ್ಖಾನೆಗಳಿಗೂ ಮನುಷ್ಯರಂತೆಯೇ ಆಯುಸ್ಸು ಉಂಟು. ಆದರೆ ಮಾರಾಟವಾಗದ ನೇಗಿಲನ್ನು ಎದುರಿಗಿಟ್ಟುಕೊಂಡು ಮತ್ತೊಂದು ನೇಗಿಲಿಗೆ ಎರಕ ಹೊಯ್ದ ಆ ಗೃಹಸ್ಥನ ಸ್ಥೈರ್ಯವು, ಕಬ್ಬಿಣವನ್ನು ನಂಬಿ ಬದುಕಿದ ಈ ಸೀಮೆಯ ಜನಕ್ಕೆ ಇಂದಿಗೂ ಸ್ಮರಣೀಯವಾದುದು.