ಅರವತ್ತು ಕೀ ಸಾಕಾ?

ಹೋದ ವರ್ಷ ಬೋನಸ್ ಬಂದಾಗ ಸಾಲ ತೀರಿಸೋದು ಬಿಟ್ಟು ನಾನು ಮಾಡಿದ ಮೊದಲ ಕೆಲಸ, ನಲವತ್ತೇಳು ಕೀ ಇರೋ ಒಂದು ಮೆಕ್ಯಾನಿಕಲ್ ಕೀಬೋರ್ಡಿನ ಕಿಟ್ ತರಿಸಿದ್ದು. ಅಂಗೈಯಗಲದ ವಸ್ತು. ನಂಬರ್ ಪ್ಯಾಡ್ ಇಲ್ಲ, ಮೇಲಿನ ಎಫ್-ಒಂದು, ಎಫ್-ಎರಡರ ಸಾಲಿಲ್ಲ, ಅಂಕಿಗಳ ಸಾಲೂ ಇಲ್ಲ. ಆ ಭಾನುವಾರ ಹಾಲ್‌ನಲ್ಲಿ ಪೇಪರ್ ಹಾಸಿಕೊಂಡು ಸ್ವಿಚ್‌ಗಳನ್ನು ಒಂದೊಂದಾಗಿ ಕೂರಿಸ್ತಾ ಇದ್ದೆ. ಹಾಸನದಿಂದ ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದುಕೊಂಡು ಬಂದು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಉಳಿದ ಕೀ ಎಲ್ಲೋ?"

"ಇಷ್ಟೇ ಅಮ್ಮ. ಇದು ಕಾಂಪ್ಯಾಕ್ಟು."

"ಇಷ್ಟರಲ್ಲಿ ಕನ್ನಡ ಹೆಂಗೋ ಹೊಡೀತೀಯ?"

ನಾನು ನಕ್ಕು ಸುಮ್ಮನಾದೆ. ನಿಜ ಹೇಳಬೇಕಂದ್ರೆ ನಾನು ಕನ್ನಡ ಹೊಡೆಯೋದೇ ಇಲ್ಲ. ಫೋನಿನಲ್ಲಿ ಅಮ್ಮನಿಗೂ "ಊಟ ಆಯ್ತಾ" ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲೇ ಕಳಿಸೋ ಪೈಕಿ ನಾನು. ಆದರೆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಕೇಳಿದವಳು ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕನ್ನಡ ಟೈಪಿಸ್ಟ್ ಆಗಿದ್ದವಳು.

ಒಂದು ಕೀಬೋರ್ಡಿಗೆ ಎಷ್ಟು ಕೀ ಬೇಕು? ಇದು ನಮ್ಮ ಕಾಲದ ಶೋಕಿ ಅಂದ್ಕೊಂಡಿದ್ದೆ. ಹುಡುಕುತ್ತಾ ಹೋದರೆ ಇದು ಟೈಪ್‌ರೈಟರಿನಷ್ಟೇ ಹಳೇ ಜಗಳ. ಮಿಲ್ವಾಕಿಯ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಮತ್ತು ಅವನ ಗೆಳೆಯರು ಕಂಡುಹಿಡಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಾಗ ಅದರಲ್ಲಿ ದೊಡ್ಡಕ್ಷರ ಮಾತ್ರ ಬರ್ತಿತ್ತು. ಯಾರು ಹೊಡೆದರೂ ಕಾಗದದ ಮೇಲೆ ಕಿರುಚಿದ ಹಾಗೆ. ಚಿಕ್ಕಕ್ಷರವೂ ಬೇಕು ಅಂದಾಗ ಎರಡು ದಾರಿ ಇದ್ದವು. ಕ್ಯಾಲಿಗ್ರಾಫ್ ಅನ್ನೋ ಯಂತ್ರ ತಂದ ಕಂಪನಿ ದೊಡ್ಡಕ್ಷರಕ್ಕೆ ಬೇರೆ, ಚಿಕ್ಕಕ್ಷರಕ್ಕೆ ಬೇರೆ ಕೀ ಕೊಟ್ಟು ಹಲಗೆಯನ್ನೇ ದೊಡ್ಡದು ಮಾಡಿತು. ರೆಮಿಂಗ್ಟನ್ 1878ರ ಎರಡನೇ ಮಾದರಿಯಲ್ಲಿ ಒಂದೇ ಅಚ್ಚಿನ ತುದಿಗೆ ಎರಡು ಅಕ್ಷರ ಕೊರೆದು, ಎರಡನೆಯದು ಬೇಕಾದಾಗ ಕಾಗದದ ಉರುಳೆಯನ್ನೇ ಸರಿಸೋ ಕೀ ಒಂದನ್ನು ಇಟ್ಟಿತು. ಹಾಗೆ ಸರಿಸೋದಕ್ಕೇ ಅದರ ಹೆಸರು ಶಿಫ್ಟ್. ಇವತ್ತು ನಾವು 'ಲೇಯರ್' ಅಂತ ದೊಡ್ಡ ಹೆಸರಿಟ್ಟು ಕರೆಯೋದು ಈ ಉಪಾಯದ ಮೊಮ್ಮಗನನ್ನೇ. ಒಂದು ಕೀಗೆ ಎರಡು ಕೆಲಸ, ಮೂರು ಕೆಲಸ. ನಲವತ್ತೇಳು ಕೀ ಇರೋ ನನ್ನ ಹಲಗೆಯೂ ಅದೇ ಲೆಕ್ಕದಲ್ಲಿ ನಿಂತಿದೆ.

ಆದರೆ ಕಂಪ್ಯೂಟರ್ ಬಂದಮೇಲೆ ಹಲಗೆ ಮತ್ತೆ ಉಬ್ಬಿತು. 1981ರ ಐಬಿಎಂ ಪಿಸಿಯ ಕೀಬೋರ್ಡಿನಲ್ಲಿ 83 ಕೀ. ನಾಲ್ಕೈದು ವರ್ಷದೊಳಗೆ ಬಂದ, ಇವತ್ತಿಗೂ ಜನ ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕೋ 'ಮಾಡೆಲ್ ಎಂ'ನಲ್ಲಿ 101. ಆಮೇಲೆ ವಿಂಡೋಸ್ ಕೀಗಳು ಸೇರಿ 104. ಆಫೀಸಿನಲ್ಲಿ ನಿಮ್ಮ ಮುಂದಿರೋದು ಬಹುಮಟ್ಟಿಗೆ ಅದೇ ಮಾಡೆಲ್ ಎಂನ ಮರಿ. ಸ್ಕ್ರೋಲ್ ಲಾಕ್ ಅನ್ನೋ ಕೀಯನ್ನು ನೀವು ಕೊನೆಯ ಸಲ ಒತ್ತಿದ್ದು ಯಾವಾಗ? ಯಾರೂ ಕೇಳಲಿಲ್ಲ, ಯಾರೂ ತೆಗೆಯಲಿಲ್ಲ.

ತೆಗೆದವರು ಒಬ್ಬರಿದ್ದರು. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಎಇಚಿ ವಾದಾ. ಅವರಿಗೆ ಎರಡು ಸಿಟ್ಟು. ಕೀಬೋರ್ಡು ಮೇಜನ್ನೆಲ್ಲ ತಿನ್ನುತ್ತೆ ಅನ್ನೋದು ಒಂದು. ಯಂತ್ರ ಬದಲಾದಾಗಲೆಲ್ಲ ಕೀಗಳ ಜಾಗ ಬದಲಾಗುತ್ತೆ, ಬೆರಳು ಮತ್ತೆ ಅಆಇಈಯಿಂದ ಶುರುಮಾಡಬೇಕು ಅನ್ನೋದು ಇನ್ನೊಂದು. ಸನ್ ಕಂಪನಿಯ ಹಳೇ ಕೀಬೋರ್ಡಿನ ಜೋಡಣೆಯನ್ನು ಆಧಾರ ಮಾಡಿಕೊಂಡು, ಬೇಡದ್ದನ್ನೆಲ್ಲ ಕತ್ತರಿಸಿ, ಪಿಎಫ್‌ಯು ಕಂಪನಿಯ ಜೊತೆ ಸೇರಿ 1996ರಲ್ಲಿ ಅವರು ತಂದದ್ದೇ 'ಹ್ಯಾಪಿ ಹ್ಯಾಕಿಂಗ್ ಕೀಬೋರ್ಡ್'. ಲೆಕ್ಕ ಹಾಕಿದ ಹಾಗೆ 60 ಕೀ. ಈಗ ಕ್ಯಾಪ್ಸ್ ಲಾಕ್ ಕೂರೋ ಜಾಗದಲ್ಲಿ ಕಂಟ್ರೋಲ್. ಬಾಣದ ಗುರುತಿನ ಕೀಗಳಿಲ್ಲ. ಇನ್ನೊಂದು ಕೀ ಒತ್ತಿ ಹಿಡಿದುಕೊಂಡು ಅವನ್ನು ಕರೆಯಬೇಕು.

ಬಾಣವನ್ನು ಅಕ್ಷರದ ಕೀಯಲ್ಲಿ ಅಡಗಿಸೋದೂ ಹೊಸದೇನಲ್ಲ. 1976ರಲ್ಲಿ ಬಂದ ಎಡಿಎಂ-3ಎ ಅನ್ನೋ ಟರ್ಮಿನಲ್ಲಿನಲ್ಲಿ ಎಚ್, ಜೆ, ಕೆ, ಎಲ್ ಕೀಗಳ ಮೇಲೇ ಬಾಣ ಬರೆದಿತ್ತು. ಬಿಲ್ ಜಾಯ್ 'ವಿಐ' ಎಡಿಟರ್ ಬರೆದದ್ದು ಅದರ ಮುಂದೆ ಕೂತು. ಹಾಗಾಗಿ ಇವತ್ತಿಗೂ ಸರ್ವರಿನೊಳಗೆ ಹೊಕ್ಕು ಫೈಲ್ ತಿದ್ದೋ ನಮ್ಮ ಹುಡುಗ ಹುಡುಗಿಯರು ಅದೇ ನಾಲ್ಕು ಅಕ್ಷರದಲ್ಲಿ ಮೇಲೆ ಕೆಳಗೆ ಓಡಾಡ್ತಾರೆ. ಯಂತ್ರ ಗುಜರಿ ಸೇರಿ ಎಷ್ಟೋ ಕಾಲವಾಯ್ತು, ಬೆರಳಿನ ಅಭ್ಯಾಸ ಉಳಿದಿದೆ.

ವಾದಾ ಅವರ ಒಂದು ಹೋಲಿಕೆ ಈ ಹವ್ಯಾಸದವರಿಗೆಲ್ಲ ಬಾಯಿಪಾಠ. ಅಮೆರಿಕದ ದನಗಾಹಿ ಸತ್ತ ಕುದುರೆಯನ್ನು ಮರುಭೂಮಿಯಲ್ಲೇ ಬಿಟ್ಟು ಹೋಗ್ತಾನಂತೆ, ಆದರೆ ಜೀನನ್ನು ಮಾತ್ರ ಹೆಗಲ ಮೇಲೆ ಹೊತ್ತು ನಡೀತಾನಂತೆ. ಕಂಪ್ಯೂಟರ್ ಕುದುರೆ, ಕೀಬೋರ್ಡ್ ಜೀನು. ಮೊದಲ ಸಲ ಓದಿದಾಗ ಮಾರಾಟದ ಮಾತು ಅನ್ನಿಸಿತ್ತು. ಅಮ್ಮನ ಕಥೆ ಪೂರ್ತಿ ಗೊತ್ತಾದ ಮೇಲೆ ಹಾಗೆ ಅನ್ನಿಸ್ತಿಲ್ಲ.

ಅದಕ್ಕೆ ಮುಂಚೆ ಸ್ವಿಚ್ ವಿಷಯ ಎರಡೇ ಮಾತಿನಲ್ಲಿ ಮುಗಿಸ್ತೀನಿ, ಯಾಕಂದ್ರೆ ಇದರ ಬಗ್ಗೆ ಮಾತು ಶುರುಮಾಡಿದರೆ ನನ್ನ ಹೆಂಡತಿ ಎದ್ದು ಹೋಗ್ತಾಳೆ. ಜರ್ಮನಿಯ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ 80ರ ದಶಕದ್ದು; ಅದರ ತಲೆಯ ಮೇಲಿನ ಕೂಡುಗುರುತಿನ ಆಕಾರವೇ ಇವತ್ತು ಎಲ್ಲರ ಅಳತೆ. ಪೇಟೆಂಟಿನ ಅವಧಿ ಮುಗಿದ ಮೇಲೆ ಚೀನಾದ ಕಂಪನಿಗಳು ಅದೇ ಅಳತೆಯಲ್ಲಿ ಮಾಡೋಕೆ ಶುರುಮಾಡಿದ್ದರಿಂದಲೇ ನನ್ನಂಥವರ ಕೈಗೂ ಇದು ಎಟುಕಿದ್ದು. ಕೆಂಪು ಅಂದ್ರೆ ಸಲೀಸು, ಕಂದು ಅಂದ್ರೆ ಮಧ್ಯದಲ್ಲಿ ಸಣ್ಣ ಉಬ್ಬು, ನೀಲಿ ಅಂದ್ರೆ ಟಿಕ್ ಟಿಕ್ ಸದ್ದು. ನೀಲಿ ತಗೊಂಡು ಓಪನ್ ಆಫೀಸಿನಲ್ಲಿ ಕೂರಬೇಡಿ. ಅಷ್ಟೇ.

ಈಗ ಅಮ್ಮನ ಪ್ರಶ್ನೆ. ಇಂಗ್ಲಿಷಿಗೆ 26 ಅಕ್ಷರ. ನಮಗೆ ಐವತ್ತರ ಹತ್ತಿರ. ಅದರ ಮೇಲೆ ಕಾಗುಣಿತ, ಒತ್ತು, ಅರ್ಕಾವತ್ತು. ಇಷ್ಟನ್ನೂ ನಾಲ್ಕು ಸಾಲಿನ ಟೈಪ್‌ರೈಟರಿಗೆ ತುರುಕಿದವರ ತಾಳ್ಮೆಗೆ ಕೈ ಮುಗೀಬೇಕು. ಕನ್ನಡ ಬೆರಳಚ್ಚು ಅಂದಕೂಡಲೇ ಬರೋ ಹೆಸರು ಅನಂತ ಸುಬ್ಬರಾವ್ ಅವರದ್ದು. ಅಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು ಸೀನಿಯರ್ ಪಾಸು ಮಾಡಿದ್ದು ಆ ಟೈಪ್‌ರೈಟರಿನ ಜೋಡಣೆಯಲ್ಲೇ.

ಕಂಪ್ಯೂಟರ್ ಕಾಲಕ್ಕೆ ಎರಡು ದಾರಿ ತೆರೆದವು. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಇನ್‌ಸ್ಕ್ರಿಪ್ಟ್ ತಂದಿತು. ಭಾರತದ ಎಲ್ಲ ಲಿಪಿಗೂ ಒಂದೇ ಜೋಡಣೆ. ಹಿಂದಿಯ ಕ ಎಲ್ಲಿದೆಯೋ ಕನ್ನಡದ ಕ ಅಲ್ಲೇ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಲೆಕ್ಕಾಚಾರ ಚೆನ್ನಾಗಿದೆ. ಆದರೆ ಅಕ್ಷರಗಳು ಇಂಗ್ಲಿಷ್ ಅಕ್ಷರದ ಕೀಗಳನ್ನು ಮೀರಿ ಚಿಹ್ನೆಗಳ ಕೀಗಳಿಗೂ ಹಬ್ಬಿಕೊಂಡಿವೆ. ಚ ಕೂತಿರೋದು ಸೆಮಿಕೋಲನ್ ಮೇಲೆ, ಟ ಉದ್ಧರಣ ಚಿಹ್ನೆಯ ಮೇಲೆ, ಡ ಚೌಕ ಆವರಣದ ಮೇಲೆ.

ಇನ್ನೊಂದು ದಾರಿ ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ. ಪಿ. ರಾವ್ ಅವರದ್ದು. ಮುದ್ರಣ, ಅಕ್ಷರಜೋಡಣೆಯ ಲೋಕದಿಂದ ಬಂದ ಅವರು ಕನ್ನಡವನ್ನೆಲ್ಲ 26 ಇಂಗ್ಲಿಷ್ ಅಕ್ಷರದ ಕೀ ಮತ್ತು ಶಿಫ್ಟ್‌ನೊಳಗೆ ಹಿಡಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಕನ್ನಡಕ್ಕೆ ಕೆಲಸಕ್ಕೆ ಬಾರದ ಕ್ಯೂಗೆ ಟ, ಡಬ್ಲ್ಯೂಗೆ ಡ, ಎಕ್ಸ್‌ಗೆ ಷ. ಎಫ್ ಅನ್ನೋದು ಕೊಂಡಿ, ಎರಡು ವ್ಯಂಜನದ ಮಧ್ಯೆ ಅದನ್ನು ಒತ್ತಿದರೆ ಒತ್ತಕ್ಷರ. 'ಕನ್ನಡ' ಅಂತ ಬರೀಬೇಕಾ? ಕೆ, ಎನ್, ಎಫ್, ಎನ್, ಡಬ್ಲ್ಯೂ. ಐದೇ ಏಟು. ಇಂಗ್ಲಿಷಿನಲ್ಲಿ ಇದೇ ಪದಕ್ಕೆ ಏಳು. ಈ ಜೋಡಣೆಯನ್ನೇ ಮುಂದೆ ಕರ್ನಾಟಕ ಸರ್ಕಾರ ಅಧಿಕೃತ ಅಂತ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಕಚೇರಿ ಕಚೇರಿಗೂ ಹೋಯ್ತು. 2013ರಲ್ಲಿ ಹಂಪಿ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು.

ನನ್ನ ಕಿಟ್ ಜೋಡಿಸಿ ಮುಗಿದ ರಾತ್ರಿ ಎರಡನ್ನೂ ಪರೀಕ್ಷೆ ಮಾಡಿದೆ. ಇನ್‌ಸ್ಕ್ರಿಪ್ಟ್ ಹಾಕಿಕೊಂಡು ಕನ್ನಡ ಅಂತ ಹೊಡೆಯೋಕೆ ಹೋದರೆ ಕೊನೆಯ ಅಕ್ಷರಕ್ಕೆ ಜಾಗವೇ ಇಲ್ಲ, ಚೌಕ ಆವರಣದ ಕೀಯನ್ನು ಕಿಟ್ ಮಾಡಿದವರು ಕತ್ತರಿಸಿದ್ದಾರೆ. ಕನ್ನಡದಿಂದ ಡ ಹೋದರೆ ಉಳಿಯೋದು ಕನ್ನ! ಕೆ. ಪಿ. ರಾವ್ ಜೋಡಣೆ ಹಾಕಿದೆ, ಒಂದು ಕೀಯೂ ಕೊರತೆಯಾಗಲಿಲ್ಲ. ಕಾಂಪ್ಯಾಕ್ಟ್ ಅನ್ನೋ ಪದ ಶೋಕಿಯಾಗೋ ಎಷ್ಟೋ ವರ್ಷ ಮುಂಚೆ ನಮ್ಮವರೊಬ್ಬರು ಅದನ್ನು ಮಾಡಿಟ್ಟಿದ್ದರು. ಖುಷಿಯಲ್ಲಿ ಬೆಳಿಗ್ಗೆ ಅಮ್ಮನನ್ನು ಕೂರಿಸಿ ತೋರಿಸಿದೆ.

ಅಮ್ಮ ಕೈ ಇಟ್ಟಳು. ಹೊಡೆದಳು. ಪರದೆ ಮೇಲೆ ಬಂದದ್ದು ಯಾವ ಭಾಷೆಯೂ ಅಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಅವತ್ತೂ ಹಿಂಗೇ ಆಗಿದ್ದು ಕಣೋ" ಅಂದಳು.

ಕಚೇರಿಗೆ ಕಂಪ್ಯೂಟರ್ ಬಂದಾಗ ಹೊಸ ಜೋಡಣೆ ಕಲಿಯೋಕೆ ಟೈಪಿಸ್ಟುಗಳಿಗೆ ಕೊಟ್ಟದ್ದು ಒಂದು ವಾರ. ಅಮ್ಮನ ಬೆರಳು ಕೇಳಲಿಲ್ಲ. ನಿಮಿಷಕ್ಕೆ ನಲವತ್ತೈದು ಪದ ಹೊಡೆಯೋಳು ಒಂದೊಂದು ಅಕ್ಷರ ಹುಡುಕುತ್ತಾ ಕೂರೋದನ್ನು ನೋಡಿ ಹೊಸದಾಗಿ ಸೇರಿದ ಹುಡುಗರು ನಗ್ತಿದ್ದರಂತೆ. ಎರಡು ತಿಂಗಳಿಗೆ ಅವಳನ್ನು ಟಪಾಲು ಸೆಕ್ಷನ್ನಿಗೆ ಹಾಕಿದರು. ರಿಟೈರ್ ಆಗೋವರೆಗೂ ಕವರುಗಳಿಗೆ ನಂಬರು ಬರೆದಳು. ನಾನು ಆಗ ಹೈಸ್ಕೂಲು. ಅಮ್ಮನಿಗೆ ಕೆಲಸ ಹಗುರವಾಯ್ತು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಕುದುರೆ ಬದಲಾಯಿಸಿದರು ಸರಿ, ಜೀನನ್ನೂ ಕಿತ್ತುಕೊಂಡಿದ್ದರು. ಹೊಸ ಜೋಡಣೆ ಒಳ್ಳೇದು ಅನ್ನೋದರಲ್ಲಿ ನನಗೆ ಈಗಲೂ ಅನುಮಾನ ಇಲ್ಲ. ಆದರೆ ಒಂದು ವಾರ?

ನಲವತ್ತೇಳು ಕೀಯ ಕಿಟ್ಟನ್ನು ಆಫೀಸಿನ ಗೆಳೆಯನಿಗೆ ಮಾರಿದೆ. ಟೈಪ್‌ರೈಟರಿನ ಜೋಡಣೆಗೆ ಅಂಕಿಗಳ ಸಾಲೂ ಬೇಕು, ಬಲತುದಿಯ ಚಿಹ್ನೆಗಳೂ ಬೇಕು. ಅರವತ್ತು ಪರ್ಸೆಂಟ್ ಅಂತಾರಲ್ಲ, ಆ ಗಾತ್ರದ್ದೊಂದು ಕೊಂಡೆ. ಕಂದು ಸ್ವಿಚ್. ಎಸ್. ಪಿ. ರೋಡಿನಲ್ಲಿ ಸುತ್ತಿ ಒಂದು ಉದ್ದನೆ ಕೇಬಲ್ ತಂದೆ, ಅಮ್ಮ ಮಡಿಲಲ್ಲಿ ಇಟ್ಟುಕೊಂಡು ಹೊಡೀಲಿ ಅಂತ.

ಇಲ್ಲೊಂದು ವಿಷಯ ಗೊತ್ತಿರಲಿ. ಕೀಬೋರ್ಡು ಕಂಪ್ಯೂಟರಿಗೆ ಅಕ್ಷರ ಕಳಿಸೋದಿಲ್ಲ. ಇಂಥ ಜಾಗದ ಕೀ ಒತ್ತಿದರು ಅನ್ನೋ ಸಂಕೇತ ಮಾತ್ರ ಕಳಿಸುತ್ತೆ. ಅದು ಕ ಆಗಬೇಕೋ ಕೆ ಆಗಬೇಕೋ ಅನ್ನೋದು ಕಂಪ್ಯೂಟರಿನೊಳಗಿನ ಪಟ್ಟಿಯ ತೀರ್ಮಾನ. ಹಾಗಾದ್ರೆ ಅಮ್ಮನ ಪಟ್ಟಿಯನ್ನು ನಾನೇ ಬರೀಬಹುದಲ್ಲ? "ಅಮ್ಮ, ಗ ಎಲ್ಲಿತ್ತು?" ಅಂತ ಕೇಳಿದೆ. ಗೊತ್ತಿಲ್ಲ ಅಂದಳು. "ನ?" ಗೊತ್ತಿಲ್ಲ. ಆಮೇಲೆ ಊಟದ ಮೇಜಿನ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, "ಮಾನ್ಯರೇ" ಅಂತ ಗಾಳಿಯಲ್ಲಿ ಹೊಡೆದಳು. ಬೆರಳು ಎಲ್ಲಿ ಹೋಯ್ತು ಅಂತ ನಾನು ಗುರುತು ಹಾಕಿಕೊಂಡೆ. ಹೀಗೆ ಸುತ್ತೋಲೆ, ಜ್ಞಾಪನ, ವರ್ಗಾವಣೆ ಆದೇಶ. ಮೂರು ಸಂಜೆ ಹಿಡಿಯಿತು. ಬಾಯಿಗೆ ಗೊತ್ತಿಲ್ಲದ್ದು ಬೆರಳಿಗೆ ಗೊತ್ತಿತ್ತು.

ಪಟ್ಟಿ ಸಿದ್ಧವಾಯ್ತು, ಅಮ್ಮ ಕೂತಳು. ಕೀ ನೋಡಲಿಲ್ಲ. ಎರಡು ಸಾಲು ಸರಾಗವಾಗಿ ಬಂತು. ಮೂರನೇ ಸಾಲಿನಲ್ಲಿ 'ಸರ್ಕಾರ' ಅಂತ ಹೊಡೆದರೆ ಪರದೆಯ ಮೇಲೆ 'ಸಕಾರ್ರ' ಅಂತ ಬಂತು. ನಾನು ಬೆಪ್ಪಾದೆ. ಆಮೇಲೆ ಹೊಳೀತು. ಟೈಪ್‌ರೈಟರಿಗೆ ಕಾಗದದ ಮೇಲಿನ ಆಕಾರವಷ್ಟೇ ಮುಖ್ಯ. ಅರ್ಕಾವತ್ತು ಕಾಣೋದು 'ಕಾ' ಆದಮೇಲೆ, ಹಾಗಾಗಿ ಆಮೇಲೆ ಹೊಡೀಬೇಕು. ಯೂನಿಕೋಡ್ ಉಚ್ಚಾರಣೆಯ ಕ್ರಮ ಹಿಡಿಯುತ್ತೆ, ಅಲ್ಲಿ ರ್ ಮೊದಲು, ಕಾ ಆಮೇಲೆ. ಬರೀ ಕೀ ಬದಲಾಯಿಸಿದರೆ ಇದು ಸರಿಹೋಗಲ್ಲ, ಹಿಂದೆ ಹೋಗಿ ಅಕ್ಷರ ಅದಲುಬದಲು ಮಾಡೋ ಪ್ರೋಗ್ರಾಂ ಬರೀಬೇಕು. ಸರ್ಕಾರಿ ಟೈಪಿಸ್ಟಿಗೆ ಇದೇ ಪದ ಬರಲ್ಲ ಅಂದರೆ ಹೇಗೆ?

"ಸ್ವಲ್ಪ ದಿನ ಕೊಡಮ್ಮ, ಸರಿ ಮಾಡ್ತೀನಿ" ಅಂದೆ.

ಅಮ್ಮ ಬ್ಯಾಕ್‌ಸ್ಪೇಸ್ ಎಲ್ಲಿದೆ ಅಂತ ಕೇಳಿ, ಅಳಿಸಿ, 'ಸರಕಾರ' ಅಂತ ಹೊಡೆದಳು.

"ನಮ್ಮ ಹಳೇ ಸಾಹೇಬರು ಹಿಂಗೇ ಬರೀತಿದ್ರು. ಇದೂ ಸರೀನೇ" ಅಂದು ಮುಂದಿನ ಸಾಲಿಗೆ ಹೋದಳು.