ಪಟ್ಟಿ ಬದಲಾದಾಗ ಮಾತೂ ಬದಲಾಯಿತು

ರಾಜಕಾರಣಿ ಮಾತು ಬದಲಿಸಿದಾಗ ನಾವು ಅವನ ಮನಸ್ಸನ್ನು ಕೆದಕುತ್ತೇವೆ, ಮತದಾರರ ಪಟ್ಟಿಯನ್ನು ನೋಡುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಜಾರ್ಜ್ ವ್ಯಾಲೇಸ್‌ನ ಚರಿತ್ರೆಯನ್ನು ಓದುವಾಗ ಆ ಪಟ್ಟಿಯೇ ಮುಖ್ಯವೆಂದು ನಮಗೆ ತೋರುತ್ತದೆ.

ನ್ಯಾಯಾಧೀಶನಾಗಿದ್ದಾಗ ವ್ಯಾಲೇಸ್ ಕರಿಯ ವಕೀಲರನ್ನು ಮರ್ಯಾದೆಯಿಂದ ಮಾತನಾಡಿಸುತ್ತಿದ್ದ. 1958ರಲ್ಲಿ ಗವರ್ನರ್ ಹುದ್ದೆಗಾಗಿ ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆಗೆ ನಿಂತಾಗ ಕರಿಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಅವನನ್ನು ಬೆಂಬಲಿಸಿತು. ಎದುರಾಳಿ ಜಾನ್ ಪ್ಯಾಟರ್‌ಸನ್‌ಗೆ ಕೂ ಕ್ಲಕ್ಸ್ ಕ್ಲಾನ್‌ನ ಬೆಂಬಲವಿತ್ತು. ವ್ಯಾಲೇಸ್ ಸೋತ.

1962ರಲ್ಲಿ ಅದೇ ಮನುಷ್ಯ ವರ್ಣಭೇದದ ಕಟ್ಟಾ ಸಮರ್ಥಕನಾಗಿ ಬಂದು ಗೆದ್ದ. ಮರುವರ್ಷ ಜೂನ್ 11ರಂದು ಇಬ್ಬರು ಕರಿಯ ವಿದ್ಯಾರ್ಥಿಗಳ ಪ್ರವೇಶವನ್ನು ವಿರೋಧಿಸಿ ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ.

ಆಗ ಅಲ್ಲಿನ ಬಹುಪಾಲು ಕರಿಯರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಅಕ್ಷರ ಪರೀಕ್ಷೆ, ಮತ ತೆರಿಗೆ, ಬೆದರಿಕೆಗಳು ಅವರನ್ನು ಹೊರಗಿಟ್ಟಿದ್ದವು. 1965ರ ಮಾರ್ಚ್‌ನಲ್ಲಿ ಮತದ ಹಕ್ಕಿಗಾಗಿ ಸೆಲ್ಮಾದ ಸೇತುವೆ ದಾಟಿ ಬಂದವರನ್ನು ರಾಜ್ಯದ ಪೊಲೀಸರು ಲಾಠಿಗಳಿಂದ ಬಡಿದರು. ಅದೇ ವರ್ಷ ಮತಹಕ್ಕು ಕಾಯ್ದೆ ಜಾರಿಗೆ ಬಂತು, ಪಟ್ಟಿ ಬೆಳೆಯತೊಡಗಿತು.

1982ರಲ್ಲಿ ವ್ಯಾಲೇಸ್ ಮತ್ತೆ ಕಣಕ್ಕಿಳಿದ. 1972ರ ಗುಂಡೇಟಿನ ನಂತರ ಅವನು ಗಾಲಿಕುರ್ಚಿ ಹಿಡಿದಿದ್ದ. ಹಿಂದೆ ತಾನು ಮಾಡಿದ್ದು ತಪ್ಪೆಂದು ಕರಿಯರ ಮುಂದೆ ಒಪ್ಪಿಕೊಂಡು, ಅವರ ಮತಗಳನ್ನೂ ಪಡೆದು ಗೆದ್ದ.

ಆ ಪಶ್ಚಾತ್ತಾಪ ಎಷ್ಟು ಪ್ರಾಮಾಣಿಕವಾಗಿತ್ತೆಂದು ಅಳೆಯುವ ತಕ್ಕಡಿ ನಮ್ಮಲ್ಲಿಲ್ಲ. ಆದರೆ ಮತ ಕೇಳಲು ಅವನು ಕರಿಯರ ಬಾಗಿಲಿಗೆ ಹೋಗಲೇಬೇಕಾಗಿ ಬಂದದ್ದು ಸೆಲ್ಮಾದಲ್ಲಿ ಪೆಟ್ಟು ತಿಂದವರಿಂದಾಗಿ. ಪಟ್ಟಿಯಲ್ಲಿ ಹೆಸರಿಲ್ಲದವರ ವಿರುದ್ಧ ಅಭ್ಯರ್ಥಿ ಏನನ್ನೂ ಹೇಳಬಲ್ಲ. ಹೆಸರಿದ್ದವರ ಎದುರು ಅವನು ಲೆಕ್ಕ ಒಪ್ಪಿಸಬೇಕಾಗುತ್ತದೆ.